ಅನ್‌ಡೂ ಗುಂಡಿ ಯಾಕೆ ಮಂಕಾಗುತ್ತೆ? (ಯುದ್ಧದಾಟದ ಗುಂಡಿಗಳ ಇತಿಹಾಸ, 9 ಕಂತು)

ಕಂತು 1

ಮೊದಲ ಫೋಟೊದಲ್ಲಿರೋದು ನನ್ನ ಲ್ಯಾಪ್‌ಟಾಪ್ ಸ್ಕ್ರೀನು. ಗ್ರಾಫಿಕ್ಸ್ ನೋಡಿ ನಗಬೇಡಿ ದಯವಿಟ್ಟು. ಆಟದ ಹೆಸರು 'ಬ್ಯಾಟಲ್ ಫಾರ್ ವೆಸ್ನಾತ್'. 2003ರಲ್ಲಿ ಡೇವಿಡ್ ವೈಟ್ ಅನ್ನೋರು ಶುರು ಮಾಡಿದ್ದು. ಪೂರ್ತಿ ಉಚಿತ, ಎಂಥಾ ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ನನ್ನ ಲ್ಯಾಪ್‌ಟಾಪೇ ಅದಕ್ಕೆ ಸಾಕ್ಷಿ.

ಇದು ಸರದಿ ಪ್ರಕಾರ ಆಡೋ ಯುದ್ಧದಾಟ. ನಾನು ನನ್ನ ಸೈನ್ಯವನ್ನೆಲ್ಲ ನಡೆಸಿ 'ಎಂಡ್ ಟರ್ನ್' ಒತ್ತಬೇಕು, ಆಮೇಲೆ ಎದುರಾಳಿ. ಬೆರಳಿನ ವೇಗ ಬೇಕಾಗಿಲ್ಲ, ತಲೆ ಬೇಕು. ಅದಕ್ಕೇ ನನಗೆ ಸುಲಭ ಅಂದ್ಕೊಂಡಿದ್ದೆ.

ರಜೆಯಲ್ಲಿ ಮೊದಲನೇ ಆನ್‌ಲೈನ್ ಮ್ಯಾಚ್ ಆಡ್ದೆ. ಎದುರಿಗೆ ಯಾವ ದೇಶದೋರೋ, ಗಂಡೋ ಹೆಣ್ಣೋ, ಏನೂ ಗೊತ್ತಿಲ್ಲ. ನಾಲ್ಕನೇ ಸರದಿಯಲ್ಲಿ ನನ್ನ ಬಿಲ್ಲುಗಾರನನ್ನ ಕಾಡಿನ ಅಂಚಿಗೆ ಕಳಿಸಿದೆ. ಅವನು ಅಲ್ಲಿಗೆ ಹೋಗ್ತಿದ್ದ ಹಾಗೇ ಮ್ಯಾಪಿನ ಮೇಲಿದ್ದ ಮಂಜು ಸರಿಯಿತು. ಮರದ ಆಚೆ ಮೂರು ಓರ್ಕ್‌ಗಳು ಸಾಲಾಗಿ ನಿಂತಿದ್ವು. ಕೈ ತಾನಾಗೇ 'ಯು' ಕೀಗೆ ಹೋಯ್ತು. ಅನ್‌ಡೂ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಮೆನು ತೆಗೆದು ನೋಡಿದ್ರೆ ಅನ್‌ಡೂ ಅನ್ನೋ ಪದವೇ ಮಂಕಾಗಿ ಕೂತಿದೆ! ಹಿಂದಿನ ನಡೆಯಲ್ಲಿ ಚೆನ್ನಾಗಿ ಕೆಲಸ ಮಾಡಿತ್ತಲ್ಲ?

ಬಗ್ ಇರಬೇಕು ಅಂತ ಚಾಟಲ್ಲಿ ಎದುರಾಳಿಗೇ ಕೇಳಿದೆ. ಒಂದೇ ಸಾಲಿನ ಉತ್ತರ ಬಂತು: ನೀನು ನೋಡಿ ಆಯ್ತಲ್ಲ.

ಅಷ್ಟೇ. ಆಟದೊಳಗೆ ರಾತ್ರಿಯಾಯ್ತು, ಓರ್ಕ್‌ಗಳಿಗೆ ರಾತ್ರಿ ಬಲ ಜಾಸ್ತಿ, ಬಿಲ್ಲುಗಾರ ಹೋದ. ಇನ್ನೂ ಮೂರು ಸರದಿಯಲ್ಲಿ ನಾನೂ ಹೋದೆ. ಸೋತಿದ್ದಕ್ಕಿಂತ ಆ ಒಂದು ಸಾಲು ತಲೆಯಲ್ಲಿ ಕೊರೀತಾ ಇತ್ತು. ನೋಡಿದ್ದನ್ನ ನೋಡಿಲ್ಲ ಅನ್ನೋಕಾಗಲ್ಲ ಅನ್ನೋ ಈ ನಿಯಮವನ್ನ ಮೊದಲು ಯಾರು ಯೋಚನೆ ಮಾಡಿದ್ರು? ಹುಡುಕ್ತಾ ಹೋದೆ. 200 ವರ್ಷ ಹಿಂದಕ್ಕೆ ಹೋಗಿ ನಿಂತೆ. ಅದೇ ಈ ಸರಣಿ.

ಕಂತು 2

ಇತಿಹಾಸಕ್ಕೆ ಮೊದಲು ಗುಂಡಿಗಳ ಪರಿಚಯ ಮಾಡ್ಕೊಂಡುಬಿಡೋಣ. ಆಡಿದವರು ಈ ಕಂತು ಬಿಟ್ಟು ಮುಂದೆ ಹೋಗಿ.

ನಿಮ್ಮ ಸೈನಿಕನ ಮೇಲೆ ಕ್ಲಿಕ್ ಮಾಡಿದ್ರೆ ಅವನು ಈ ಸರದಿಯಲ್ಲಿ ಎಲ್ಲೆಲ್ಲಿಗೆ ಹೋಗಬಹುದೋ ಅಷ್ಟು ಮನೆಗಳು ಬೆಳಕಲ್ಲಿ ಉಳಿಯುತ್ವೆ, ಮಿಕ್ಕಿದ್ದು ಕಪ್ಪಾಗುತ್ತೆ. ಹೋಗಬೇಕಾದ ಮನೆ ಮೇಲೆ ಇನ್ನೊಂದು ಕ್ಲಿಕ್. ಶತ್ರುವಿನ ಮೇಲೆ ಕ್ಲಿಕ್ ಮಾಡಿದ್ರೆ ಕತ್ತಿಯೋ ಬಿಲ್ಲೋ ಅಂತ ಕೇಳುತ್ತೆ. 'ಎನ್' ಒತ್ತಿದ್ರೆ ಇನ್ನೂ ನಡೆಸದೇ ಇರೋ ಮುಂದಿನ ಸೈನಿಕನ ಹತ್ತಿರ ಕರ್ಕೊಂಡು ಹೋಗುತ್ತೆ. ನಾಯಕ ಕೋಟೆಯ ಒಳಗಿದ್ದಾಗ ಮಾತ್ರ ಹೊಸಬರನ್ನ ಸೇರಿಸ್ಕೋಬಹುದು, ಅದಕ್ಕೆ ಕಂಟ್ರೋಲ್ ಮತ್ತು 'ಆರ್'. ಊರುಗಳನ್ನ ಹಿಡಿದ್ರೆ ಚಿನ್ನ ಬರುತ್ತೆ, ಗಾಯಾನೂ ವಾಸಿಯಾಗುತ್ತೆ. ಸರದಿ ಮುಗಿಸೋದು ಕಂಟ್ರೋಲ್ ಮತ್ತು ಸ್ಪೇಸ್.

ಮೌಸನ್ನ ಒಂದು ಮನೆ ಮೇಲೆ ಸುಮ್ನೆ ಇಟ್ಟರೂ ಸಾಕು, ಅಲ್ಲಿ ನಿಂತವನಿಗೆ ರಕ್ಷಣೆ ಎಷ್ಟು ಅಂತ ಶೇಕಡಾದಲ್ಲಿ ತೋರಿಸುತ್ತೆ. ಕಾಡು, ಗುಡ್ಡ, ಕೆಸರು, ಒಂದೊಂದಕ್ಕೆ ಒಂದೊಂದು ಲೆಕ್ಕ. ನಾನು ಮೊದಲ ಮ್ಯಾಚಲ್ಲಿ ಇದನ್ನ ನೋಡೇ ಇರಲಿಲ್ಲ ಅನ್ನೋದನ್ನ ಇಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗ್ತೀನಿ.

ಅನ್‌ಡೂ ಮಾತ್ರ ವಿಚಿತ್ರ. ಗೊತ್ತಿರೋ ಜಾಗದಲ್ಲಿ ನಡೆದು ಬಂದ್ರೆ ವಾಪಸ್ ಪಡೀಬಹುದು. ಮಂಜು ಸರಿದು ಏನಾದ್ರೂ ಕಾಣಿಸಿಬಿಟ್ರೆ ಆಗಲ್ಲ. ಹೊಡೆದ ಮೇಲೂ ಆಗಲ್ಲ, ಯಾಕಂದ್ರೆ ದಾಳ ಬಿದ್ದಾಗಿದೆ. ಒಟ್ಟಿನಲ್ಲಿ ಹೊಸ ವಿಷಯ ಗೊತ್ತಾಗೋ ತನಕ ಮನಸ್ಸು ಬದಲಾಯಿಸಬಹುದು.

ಈಗ ಇದನ್ನ ಕಂಪ್ಯೂಟರ್ ಕಾಯುತ್ತೆ. ಮೊದಲು ಒಬ್ಬ ಮನುಷ್ಯ ಕಾಯ್ತಿದ್ದ. ಆ ಮನುಷ್ಯನೇ ನಮ್ಮ ಕತೆಯ ಹೀರೋ, ಒಂದು ಕಡೆ ವಿಲನ್ನೂ ಹೌದು.

ಕಂತು 3

ಆರಂಭ ಎಲ್ಲಿಂದ ಅಂದ್ರೆ ನಮ್ಮ ಚದುರಂಗದಿಂದಲೇ. ಆನೆ, ಕುದುರೆ, ರಥ, ಕಾಲಾಳು, ನಾಲ್ಕು ಅಂಗದ ಸೈನ್ಯ. ಇಲ್ಲಿಂದ ಪರ್ಷಿಯಾ, ಅರಬರು, ಆಮೇಲೆ ಯೂರೋಪು. (ಮೈಸೂರಿನೋರಿಗೆ ಒಂದು ಖುಷಿ ವಿಷಯ: ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟಗಳ ಹುಚ್ಚು ಎಷ್ಟಿತ್ತು ಅಂದ್ರೆ, ಅವರು ಮಾಡಿಸಿದ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೇ ಒಂದು ಭಾಗ ಇದೆ, 'ಕೌತುಕನಿಧಿ' ಅಂತ. ಅದರ ಮೇಲೆ ಬೇರೆ ಸರಣಿ ಮಾಡ್ತೀನಿ, ಈಗ ದಾರಿ ತಪ್ಪೋದು ಬೇಡ.)

ಚದುರಂಗದಲ್ಲಿ ಒಂದು ವಿಷಯ ಗಮನಿಸಿ. ಎರಡೂ ಕಡೆಯವರಿಗೆ ಎಲ್ಲಾ ಕಾಣುತ್ತೆ. ಅಡಗಿಕೊಳ್ಳೋಕೆ ಕಾಡಿಲ್ಲ, ನೆಲ ಎಲ್ಲಾ ಒಂದೇ. ಕುದುರೆ ಆನೆ ಮೇಲೆ ಬಿದ್ರೆ ಆನೆ ಹೋಯ್ತು ಅಂತಲೇ ಅರ್ಥ, ಅದೃಷ್ಟಕ್ಕೆ ಜಾಗ ಇಲ್ಲ. ಯುದ್ಧ ಹೀಗಿರಲ್ಲ ಅಂತ ಜರ್ಮನಿಯಲ್ಲಿ ಒಬ್ಬ ಗಣಿತದ ಮೇಷ್ಟ್ರಿಗೆ ಅನ್ನಿಸ್ತು. ಹೆಸರು ಹೆಲ್‌ವಿಗ್, ಊರು ಬ್ರೌನ್‌ಶ್ವೈಗ್. 1780ರಲ್ಲಿ ಅವರು ಚದುರಂಗವನ್ನ ಹಿಗ್ಗಿಸಿ ಒಂದು ಯುದ್ಧದಾಟ ಪ್ರಕಟಿಸಿದ್ರು. 64 ಮನೆ ಜಾಗದಲ್ಲಿ 1617 ಮನೆ! ಅಗಲಕ್ಕೆ 49, ಉದ್ದಕ್ಕೆ 33. ಮನೆಗಳಿಗೆ ಬಣ್ಣ: ಗುಡ್ಡಕ್ಕೆ ಒಂದು, ನೀರಿಗೆ ಒಂದು, ಕಾಡಿಗೆ ಒಂದು. ಫಿರಂಗಿಗಳೂ ಬಂದ್ವು.

ನಿಮ್ಮ ಮೌಸ್ ಒಂದು ಮನೆ ಮೇಲೆ ನಿಂತಾಗ 'ಕಾಡು' ಅಂತ ತೋರಿಸುತ್ತಲ್ಲ, ಅದರ ತಾತ ಇದು. ಆದ್ರೆ ಆಟ ಇನ್ನೂ ಚೌಕದ ಮನೆಯಲ್ಲೇ ಸಿಕ್ಕಿಹಾಕ್ಕೊಂಡಿತ್ತು. ನದಿ ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಹರಿಯೋ ನದಿ. ಜೊತೆಗೆ ಇಲ್ಲೂ ಎಲ್ಲರಿಗೂ ಎಲ್ಲಾ ಕಾಣ್ತಿತ್ತು. ನನ್ನ ಬಿಲ್ಲುಗಾರ ಹೆಲ್‌ವಿಗ್ ಆಟದಲ್ಲಿ ಇದ್ದಿದ್ರೆ ಆ ಓರ್ಕ್‌ಗಳನ್ನ ಮೊದಲೇ ನೋಡ್ತಿದ್ದ.

ಕಂತು 4

ಇನ್ಮುಂದೆ ಒಂದು ಅಪ್ಪ ಮಗನ ಕತೆ. ಇಬ್ಬರ ಹೆಸರೂ ರೈಸ್‌ವಿಟ್ಸ್. ಪ್ರಷ್ಯಾ ದೇಶದವರು, ಅಂದ್ರೆ ಇವತ್ತಿನ ಜರ್ಮನಿ ಪೋಲೆಂಡ್ ಕಡೆ.

ಅಪ್ಪ ಚೌಕದ ಮನೆಗಳನ್ನೇ ಕಿತ್ತು ಹಾಕಿದ. ಒದ್ದೆ ಮರಳಲ್ಲಿ ಗುಡ್ಡ ಕಣಿವೆ ಮಾಡಿ, ಅಳತೆಗೆ ಸರಿಯಾಗಿ ಸೈನ್ಯ ನಡೆಸೋ ಆಟ ಕಟ್ಟಿದ. ರಾಜ ಮೂರನೇ ಫ್ರೆಡರಿಕ್ ವಿಲ್ಹೆಲ್ಮ್ ಕಿವಿಗೆ ಸುದ್ದಿ ಹೋಯ್ತು, ನೋಡಬೇಕು ಅಂದ. ರಾಜನ ಮುಂದೆ ಮರಳು ಸುರಿಯೋಕಾಗುತ್ತಾ? ಸಂಕೋಚಪಟ್ಟು, ಬಣ್ಣ ಬಳಿದ ನೆಲದ ತುಂಡುಗಳನ್ನ ಜೋಡಿಸೋ ಒಂದು ಚಂದದ ಮೇಜನ್ನೇ ಮಾಡಿಸಿ 1812ರಲ್ಲಿ ಒಪ್ಪಿಸಿದ. ಎಳೆಯೋ ಡ್ರಾಯರುಗಳಲ್ಲಿ ಸೈನ್ಯ, ದಾಳ, ಅಳತೆಪಟ್ಟಿ. ತುಂಡುಗಳನ್ನ ಬೇಕಾದ ಹಾಗೆ ಜೋಡಿಸಿದ್ರೆ ಹೊಸ ಮ್ಯಾಪು. ನಮ್ಮ ಆಟದ 'ಮ್ಯಾಪ್ ಎಡಿಟರ್' ಇದೇ ತಾನೇ! ಅರಮನೆಯೋರಿಗೆ ಭಾರೀ ಇಷ್ಟ ಆಯ್ತಂತೆ. ಆದ್ರೆ ಅಂಥ ಮೇಜು ಎಷ್ಟು ಮನೆಯಲ್ಲಿರೋಕೆ ಸಾಧ್ಯ?

ಮಗ ಫಿರಂಗಿ ದಳದಲ್ಲಿ ಲೆಫ್ಟಿನೆಂಟ್. ಅವನು ಮೇಜನ್ನೂ ಬಿಟ್ಟ. ಸಾಮಾನ್ಯ ಮಿಲಿಟರಿ ನಕ್ಷೆ ತಗೊಂಡ, 1:8000 ಪ್ರಮಾಣದ್ದು. ನಕ್ಷೆ ಮೇಲೆ ಸೀಸದ ಸಣ್ಣ ತುಂಡುಗಳು, ಒಂದು ಕಡೆಗೆ ನೀಲಿ, ಇನ್ನೊಂದಕ್ಕೆ ಕೆಂಪು. ನಿಯಮದ ಪುಸ್ತಕ ಬರೆದ, 1824ರಲ್ಲಿ. ಒಂದು ಸರದಿ ಅಂದ್ರೆ ಯುದ್ಧಭೂಮಿಯ ಎರಡು ನಿಮಿಷ. ಎರಡು ನಿಮಿಷದಲ್ಲಿ ಕಾಲಾಳು ಎಷ್ಟು ದೂರ ನಡೀತಾನೆ, ಕುದುರೆ ಎಷ್ಟು ಓಡುತ್ತೆ, ಅಷ್ಟೇ ದೂರ ತುಂಡನ್ನ ಸರಿಸಬೇಕು. ಕ್ಲಿಕ್ ಮಾಡಿದಾಗ ಬೆಳಗೋ ಮನೆಗಳು ನೆನಪಾದ್ವಾ?

ಹೊಡೆತದ ಲೆಕ್ಕಕ್ಕೆ ದಾಳ. ಸುಮ್ನೆ ಲೂಡೋ ದಾಳ ಅಲ್ಲ. ಇಷ್ಟು ದೂರದಿಂದ ಹೊಡೆದ್ರೆ ಎಷ್ಟು ಗುಂಡು ಗುರಿ ಮುಟ್ಟುತ್ತೆ ಅಂತ ಷಾರ್ನ್‌ಹಾರ್ಸ್ಟ್ ಅನ್ನೋ ಸೇನಾಧಿಕಾರಿ ನಿಜವಾದ ಬಂದೂಕು ಫಿರಂಗಿಗಳ ಪರೀಕ್ಷೆ ಮಾಡಿಸಿ ಅಂಕಿಅಂಶ ಇಟ್ಟಿದ್ದ. ಮಗ ರೈಸ್‌ವಿಟ್ಸ್ ಆ ಅಂಕಿಗಳನ್ನ ದಾಳದ ಮುಖಗಳಿಗೆ ಇಳಿಸಿದ. ಪ್ರಾಬಬಿಲಿಟಿ ಎಲ್ಲಿ ಉಪಯೋಗಕ್ಕೆ ಬರುತ್ತೆ ಸರ್ ಅಂತ ಕ್ಲಾಸಲ್ಲಿ ಕೇಳಿದ್ದೋರೇ, ಇಲ್ಲಿ ನೋಡಿ.

ಕಂತು 5

ನನಗೆ ಬೇಕಾಗಿದ್ದ ಜಾಗ ಇದೇ.

ಮಗನ ಆಟದಲ್ಲಿ ಮೂರನೇ ಮನುಷ್ಯ ಒಬ್ಬ ಇದ್ದಾನೆ, ಅಂಪೈರ್. ಆಡೋರು ತಮ್ಮ ತುಂಡನ್ನ ತಾವೇ ಮುಟ್ಟೋ ಹಾಗಿಲ್ಲ. ನಿಜವಾದ ಸೇನಾಪತಿ ಬರೆಯೋ ಹಾಗೆ ಚೀಟಿಯಲ್ಲಿ ಅಪ್ಪಣೆ ಬರೆದು ಅಂಪೈರ್ ಕೈಗೆ ಕೊಡಬೇಕು. 'ಎರಡನೇ ತುಕಡಿ ಹಳ್ಳಿಯ ಉತ್ತರಕ್ಕೆ ಹೋಗಲಿ' ಅಂತ. ಅಂಪೈರ್ ಎರಡೂ ಕಡೆಯ ಚೀಟಿ ಓದ್ತಾನೆ. ಯಾರು ಎಲ್ಲಿದ್ದಾರೆ ಅಂತ ಪೂರ್ತಿ ಗೊತ್ತಿರೋದು ಅವನೊಬ್ಬನಿಗೇ. ನಕ್ಷೆ ಮೇಲೆ ಇಡೋದು ಕಣ್ಣಿಗೆ ಬೀಳಬಹುದಾದ ತುಕಡಿಗಳನ್ನ ಮಾತ್ರ. ಗುಡ್ಡದ ಹಿಂದೆ ಇದ್ದದ್ದು ಅವನ ತಲೆಯಲ್ಲೇ ಇರುತ್ತೆ.

ಅಂದ್ರೆ ನಮ್ಮ ಸ್ಕ್ರೀನಿನ ಮಂಜು ಆಗ ಒಬ್ಬ ಮನುಷ್ಯನ ಬಾಯಿ. ಅವನು ಹೇಳೋ ತನಕ ಮಂಜು. ಹೇಳಿದ ಮೇಲೆ 'ಚೀಟಿ ವಾಪಸ್ ಕೊಡಿ ಸಾರ್' ಅನ್ನೋಕಾಗುತ್ತಾ? ಆ ತುಕಡಿ ಆಗಲೇ ಹೊರಟಾಗಿದೆ. ನನ್ನ ಅನ್‌ಡೂ ಮಂಕಾಗಿದ್ದು ಇದೇ ಕಾರಣಕ್ಕೆ, ಇನ್ನೂರು ವರ್ಷದ ಮೇಲೆ.

ಸೇನೆಯ ಮುಖ್ಯಸ್ಥ ಜನರಲ್ ಮ್ಯೂಫ್ಲಿಂಗ್ ಮುಂದೆ ಈ ಆಟ ಆಡಿ ತೋರಿಸಿದ ಕತೆ ಬಹಳ ಪ್ರಸಿದ್ಧ. ಹುಡುಗಾಟ ಅಂತ ಮುಖ ಗಂಟು ಹಾಕ್ಕೊಂಡು ಕೂತಿದ್ದ ಮನುಷ್ಯ, ಆಟ ನಡೀತಾ ನಡೀತಾ ಮುಂದಕ್ಕೆ ಬಾಗಿದ. ಕೊನೆಗೆ, ಇದನ್ನ ಆಟ ಅನ್ನಬಾರದು, ಇದು ಯುದ್ಧದ ಪಾಠ, ಇಡೀ ಸೈನ್ಯಕ್ಕೆ ಇದನ್ನ ಶಿಫಾರಸು ಮಾಡ್ತೀನಿ ಅಂದನಂತೆ. ಪ್ರತಿ ರೆಜಿಮೆಂಟಿಗೂ ಒಂದೊಂದು ಸೆಟ್ ಹೋಯ್ತು.

ಮಗನಿಗೆ ಏನಾಯ್ತು ಅಂತ ಕೇಳ್ತೀರಾ. ಹೆಸರು ಬಂತು, ಜೊತೆಗೆ ಹೊಟ್ಟೆಕಿಚ್ಚೂ ಬಂತು. ಬರ್ಲಿನ್‌ನಿಂದ ದೂರದ ಟೋರ್ಗಾವ್ ಅನ್ನೋ ಊರಿಗೆ ವರ್ಗ ಮಾಡಿದ್ರು. ಅದನ್ನ ಅವನು ಶಿಕ್ಷೆ ಅಂತಲೇ ತಗೊಂಡ. 1827ರಲ್ಲಿ ತಾನೇ ಜೀವ ಕಳ್ಕೊಂಡ. ಆಗ ಅವನ ಆಟದ ನಿಯಮಪುಸ್ತಕಕ್ಕೆ ಮೂರೇ ವರ್ಷ.

ಪ್ರಷ್ಯಾ 1870-71ರಲ್ಲಿ ಫ್ರಾನ್ಸನ್ನ ಸೋಲಿಸಿದ ಮೇಲೆ, ಇವರು ಗೆದ್ದದ್ದು ಹೇಗೆ ಅಂತ ಹುಡುಕ್ತಾ ಬಂದ ಬೇರೆ ದೇಶಗಳು ಈ ಆಟವನ್ನೂ ಹೊತ್ಕೊಂಡು ಹೋದ್ವು. 1876ರಲ್ಲಿ ವೆರ್ಡಿ ದು ವೆರ್ನುವಾ ಅನ್ನೋ ಅಧಿಕಾರಿ, ದಾಳ ಮತ್ತು ಪಟ್ಟಿಗಳಿಂದ ಆಟ ಆಮೆ ಹಾಗೆ ನಡೀತಿದೆ, ಅನುಭವಸ್ಥ ಅಂಪೈರ್ ತೀರ್ಮಾನವೇ ಸಾಕು ಅಂದ. ಆಟ ಚುರುಕಾಯ್ತು. ಆದ್ರೆ ಒಬ್ಬನ ಮಾತೇ ಕೊನೆ ಅಂತ ಆದಾಗ ಏನಾಗಬಹುದು? ಅದು 8ನೇ ಕಂತಿಗೆ. ಅದಕ್ಕೆ ಮೊದಲು ಲಿವರ್‌ಪೂಲ್.

ಕಂತು 6

1942ರ ಜನವರಿ, ಇಂಗ್ಲೆಂಡಿನ ಲಿವರ್‌ಪೂಲ್ ಊರು, ಡರ್ಬಿ ಹೌಸ್ ಅನ್ನೋ ಕಟ್ಟಡದ ಮೇಲ್ಮಹಡಿ. ಕ್ಷಯ ಬಂದು ನೌಕಾಪಡೆ ಮನೆಗೆ ಕಳಿಸಿದ್ದ ಗಿಲ್ಬರ್ಟ್ ರಾಬರ್ಟ್ಸ್ ಅನ್ನೋ ಅಧಿಕಾರಿಯನ್ನ ವಾಪಸ್ ಕರೆಸಿ ಒಂದು ಕೆಲಸ ಕೊಟ್ಟರು. ಜರ್ಮನಿಯ ಸಬ್‌ಮರೀನ್‌ಗಳು, ಅಂದ್ರೆ ಯು-ಬೋಟ್‌ಗಳು, ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳನ್ನ ಹೇಗೆ ಮುಳುಗಿಸ್ತಿವೆ ಅಂತ ಕಂಡುಹಿಡಿ, ತಡೆಯೋದನ್ನ ಕಲಿಸು.

ಇಲ್ಲಿ ಒಂದು ಮಾತು. ಆ ಬ್ರಿಟಿಷ್ ಸರಕು ಹಡಗುಗಳಲ್ಲಿ ಕೆಲಸ ಮಾಡ್ತಿದ್ದೋರೆಲ್ಲ ಬ್ರಿಟಿಷರಲ್ಲ. ಇಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ಹಾಕೋರು, ಡೆಕ್ ತೊಳೆಯೋರು, ಅಡುಗೆ ಮಾಡೋರು, ಇವರಲ್ಲಿ ಸಾವಿರಾರು ಜನ ನಮ್ಮ ದೇಶದವರು. 'ಲಾಸ್ಕರ್' ಅಂತ ಕರೀತಿದ್ರು. ಆ ಯುದ್ಧದಲ್ಲಿ ಸತ್ತ ಭಾರತದ ನಾವಿಕರು 6,000ಕ್ಕೂ ಹೆಚ್ಚು. ಟಾರ್ಪೆಡೊ ಹೊಡೆದಾಗ ಇಂಜಿನ್ ಕೋಣೆಯಿಂದ ಮೇಲೆ ಬರೋದು ಎಲ್ಲರಿಗಿಂತ ಕಷ್ಟ. ಮುಂದಿನ ಸಾಲುಗಳನ್ನ ಓದೋವಾಗ ಇದು ನೆನಪಿರಲಿ.

ರಾಬರ್ಟ್ಸ್‌ಗೆ ಸಿಕ್ಕ ತಂಡದಲ್ಲಿ ಹೆಚ್ಚಿನೋರು ಹುಡುಗಿಯರು. ನೌಕಾಪಡೆಯ ಮಹಿಳಾ ವಿಭಾಗದವರು, 'ರೆನ್'ಗಳು. ಇಪ್ಪತ್ತರ ಆಸುಪಾಸು, ಅಂದ್ರೆ ನಮ್ಮ ನಿಮ್ಮ ವಯಸ್ಸು. ಸಮುದ್ರಯುದ್ಧ ನೋಡಿದವರಲ್ಲ. ಕಂದು ಬಣ್ಣದ ಲಿನೋಲಿಯಂ ನೆಲವೇ ಅವರ ಅಟ್ಲಾಂಟಿಕ್. ಅದರ ಮೇಲೆ ಗೆರೆ ಎಳೆದು ಅಳತೆ ಮಾಡಿದ್ರು, ಸುಮಾರು ಒಂದು ಗೇಣು ಚಿಲ್ಲರೆ ಅಂದ್ರೆ ಒಂದು ನಾಟಿಕಲ್ ಮೈಲಿ. ಆಡೋಕೆ ಬರೋರು ನಿಜವಾದ ಬೆಂಗಾವಲು ಹಡಗುಗಳ ಅಧಿಕಾರಿಗಳು. ಅವರನ್ನ ಸುತ್ತ ಕ್ಯಾನ್ವಾಸ್ ಪರದೆ ಕಟ್ಟಿ ಹಿಂದೆ ಕೂರಿಸ್ತಿದ್ರು. ಪರದೆಯಲ್ಲಿ ಒಂದು ಕಿಂಡಿ. ಹಡಗಿನ ಮೇಲಿಂದ ಎಷ್ಟು ಕಾಣಬಹುದೋ ಅಷ್ಟೇ ಕಿಂಡಿಯಲ್ಲಿ ಕಾಣುತ್ತೆ.

ಒಂದು ಸರದಿಗೆ ಎಷ್ಟು ಹೊತ್ತು ಗೊತ್ತಾ? ಎರಡು ನಿಮಿಷ. ರೈಸ್‌ವಿಟ್ಸ್‌ನ ಅದೇ ಎರಡು ನಿಮಿಷ! ಅಷ್ಟರಲ್ಲಿ ಅಪ್ಪಣೆ ಬರೆದು ಕೊಡಬೇಕು, ರೆನ್ ಬಂದು ಚೀಟಿ ತಗೊಂಡು ಹೋಗಿ ನೆಲದ ಮೇಲೆ ಹಡಗನ್ನ ಸರಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೀತಾಳೆ.

ಆ ಸೀಮೆಸುಣ್ಣದ ಉಪಾಯ ಓದಿದಾಗ ನಾನು ಕೂತಲ್ಲೇ ನಕ್ಕುಬಿಟ್ಟೆ. ಬೆಂಗಾವಲು ಹಡಗಿನ ದಾರಿ ಬಿಳಿ ಸೀಮೆಸುಣ್ಣದಲ್ಲಿ. ಯು-ಬೋಟ್ ದಾರಿ ಹಸಿರು ಸೀಮೆಸುಣ್ಣದಲ್ಲಿ. ಕಂದು ನೆಲದ ಮೇಲೆ ಹಸಿರು ಗೆರೆ ಹತ್ತಿರ ನಿಂತ ರೆನ್‌ಗಳಿಗೆ ಕಾಣುತ್ತೆ, ಕಿಂಡಿಯಿಂದ ಓರೆಯಾಗಿ ನೋಡೋ ಅಧಿಕಾರಿಗೆ ಕಾಣಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಸರ್ವರ್ ಇಲ್ಲ. ಒಂದು ಹಸಿರು ಸೀಮೆಸುಣ್ಣದಲ್ಲಿ ಮಂಜು ರೆಡಿ.

(ಫೋಟೊ: ನಮ್ಮ ಮನೆ ನೆಲದ ಮೇಲೆ ನಾನು ಮಾಡಿ ನೋಡಿದ್ದು. ಅಮ್ಮ ಒರೆಸೋಕೆ ಹೇಳಿದ್ದಾರೆ.)

ಕಂತು 7

ಆ ನೆಲದ ಮೇಲೆ ಅವರು ಕಂಡುಹಿಡಿದದ್ದೇನು?

ಯು-ಬೋಟ್‌ಗಳು ಹಡಗುಗುಂಪಿನ ಹೊರಗೆ, ದೂರದಿಂದ ಟಾರ್ಪೆಡೊ ಬಿಡ್ತಾವೆ ಅಂತ ಬಹಳ ಅಧಿಕಾರಿಗಳು ನಂಬಿದ್ರು. ಅದಕ್ಕೇ ಹಡಗು ಹೊತ್ತಿಕೊಂಡ ಕೂಡಲೇ ಬೆಂಗಾವಲಿನೋರು ಹೊರಕ್ಕೆ ಓಡೋಡಿ ಹುಡುಕ್ತಿದ್ರು. ರಾಬರ್ಟ್ಸ್ ಮತ್ತು ರೆನ್‌ಗಳು ನಿಜವಾಗಿ ನಡೆದ ಕದನಗಳನ್ನ ನೆಲದ ಮೇಲೆ ಸರದಿ ಸರದಿಯಾಗಿ ಮತ್ತೆ ಆಡಿಸಿ ನೋಡಿದ್ರು, ನಾವು ರೀಪ್ಲೇ ನೋಡ್ತೀವಲ್ಲ ಹಾಗೆ. ಹೊರಗಿನಿಂದ ಹೊಡೆದ್ರೆ ಗುಂಪಿನ ನಡುವಿನ ಹಡಗು ಹಾಗೆ ಮುಳುಗೋಕೆ ಲೆಕ್ಕವೇ ಕೂಡಲ್ಲ. ಟಾರ್ಪೆಡೊ ಅಷ್ಟು ದೂರ ಹೋಗಲ್ಲ. ಹಾಗಾದ್ರೆ? ಯು-ಬೋಟ್ ಗುಂಪಿನ ಒಳಗೇ ಇದೆ! ರಾತ್ರಿ ಹೊತ್ತು, ನೀರಿನ ಮೇಲೇ ತೇಲ್ತಾ, ಹಿಂದಿನಿಂದ ನುಗ್ಗಿ ಹೊಡೆದು, ಆಮೇಲೆ ಮುಳುಗಿ ಗುಂಪು ಮುಂದೆ ಹೋಗೋ ತನಕ ಸುಮ್ಮನಿರುತ್ತೆ. ಬೆಂಗಾವಲಿನೋರು ಕಳ್ಳನ್ನ ಒಳಗೆ ಬಿಟ್ಟು ಬೀದಿಯಲ್ಲಿ ಹುಡುಕ್ತಿದ್ರು.

ಇದಕ್ಕೆ ಉತ್ತರವಾಗಿ ಬೆಂಗಾವಲು ಹಡಗುಗಳು ಒಟ್ಟಾಗಿ ತಿರುಗಿ ಗುಂಪಿನ ಸುತ್ತಲೇ ಜಾಲಾಡೋ ಒಂದು ಚಲನೆ ರೂಪಿಸಿದ್ರು. ಹೆಸರಿಟ್ಟವಳು ಜೀನ್ ಲೇಯ್ಡ್‌ಲಾ ಅನ್ನೋ ರೆನ್: 'ರಾಸ್ಪ್‌ಬೆರಿ'. ಹಣ್ಣು ಅಂದ್ಕೊಂಡ್ರಾ? ಇಂಗ್ಲಿಷರ ಭಾಷೆಯಲ್ಲಿ ನಾಲಗೆ ಚಾಚಿ ಪುರ್ರ್ ಅಂತ ಸದ್ದು ಮಾಡಿ ಅಣಕಿಸೋದಕ್ಕೂ ಅದೇ ಹೆಸರು. ಹಿಟ್ಲರನಿಗೆ ಮಾಡಿದ ಅಣಕ.

ಅದೇ ವರ್ಷ ನವೆಂಬರ್‌ನಲ್ಲಿ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಅಲ್ಲಿನ ಮುಖ್ಯಸ್ಥರಾಗಿ ಬಂದ್ರು. ಮೊದಲನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಸಬ್‌ಮರೀನ್ ಕಮಾಂಡರ್. ಈ ಮಹಡಿ ಮೇಲಿನ ಆಟದ ಬಗ್ಗೆ ಅವರಿಗೆ ಅಷ್ಟು ನಂಬಿಕೆ ಇಲ್ಲ. ತಾವೇ ಯು-ಬೋಟ್ ಕಡೆ ಆಡೋಕೆ ಕೂತ್ರು. ಎದುರು ಕಡೆ ಜಾನೆಟ್ ಓಕೆಲ್ ಅನ್ನೋ ರೆನ್. ಅಡ್ಮಿರಲ್ ಐದು ಸಲ ಆಡಿ ಐದು ಸಲವೂ ಮುಳುಗಿದ್ರು ಅಂತ ಕತೆ. ಕತೆಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು, ಇಂಥವಕ್ಕೆ ಸೇರೋದು ಸಹಜ. ಆದ್ರೆ ಕೋರ್ಸ್ ನಿಲ್ಲಲಿಲ್ಲ ಅನ್ನೋದು ನಿಜ. ಯುದ್ಧ ಮುಗಿಯೋದ್ರೊಳಗೆ ಸುಮಾರು 5,000 ಅಧಿಕಾರಿಗಳು ಆ ಪರದೆಗಳ ಹಿಂದೆ ಕೂತು ಹೋದ್ರು.

1943ರ ಮೇ ತಿಂಗಳಲ್ಲಿ ಯು-ಬೋಟ್‌ಗಳ ನಷ್ಟ ತಡೆಯಲಾರದೆ ಜರ್ಮನಿಯ ಡಾನಿಟ್ಸ್ ಅವನ್ನ ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡ. ಅದಕ್ಕೆ ರಾಡಾರ್, ವಿಮಾನ, ಸಂಕೇತ ಒಡೆದವರು, ಎಲ್ಲರೂ ಕಾರಣ. ಸೀಮೆಸುಣ್ಣ ಹಿಡಿದ ಹುಡುಗಿಯರೇ ಯುದ್ಧ ಗೆದ್ದರು ಅಂತ ರೀಲ್ಸ್‌ನಲ್ಲಿ ಬಂದ್ರೆ ನಂಬಬೇಡಿ. ಅವರ ಪಾಲೂ ಇತ್ತು. ಆ ಪಾಲನ್ನ ಎಷ್ಟೋ ದಶಕ ಯಾರೂ ಹೇಳಲಿಲ್ಲ, ಅದೂ ನಿಜ.

ಕಂತು 8

ಅದೇ 1942, ಆದ್ರೆ ಪೆಸಿಫಿಕ್ ಸಮುದ್ರ. ಮೇ ತಿಂಗಳು. ಜಪಾನಿನ ಯಮಾಟೊ ಯುದ್ಧನೌಕೆಯ ಮೇಲೆ ಅಧಿಕಾರಿಗಳು ಮೇಜಿನ ಸುತ್ತ ಸೇರಿದ್ದಾರೆ. ಮಿಡ್‌ವೇ ದ್ವೀಪದ ಮೇಲೆ ದಾಳಿ ಮಾಡೋ ಯೋಜನೆಯನ್ನ ಆಡಿ ನೋಡ್ತಿದ್ದಾರೆ. ಅಂಪೈರ್‌ಗಳ ಮುಖ್ಯಸ್ಥ ಅಡ್ಮಿರಲ್ ಉಗಾಕಿ. ಯೋಜನೆ ಮಾಡಿದ ಯಮಾಮೊಟೊ ಅವರ ಮುಖ್ಯ ಸಹಾಯಕನೂ ಇವನೇ. ಇಲ್ಲೇ ನಿಮ್ಮ ಹುಬ್ಬು ಮೇಲಕ್ಕೆ ಹೋಗಬೇಕು.

ಆಟದಲ್ಲಿ ಅಮೆರಿಕದ ಕಡೆಯವರು ಮಿಡ್‌ವೇಯಿಂದ ವಿಮಾನ ಹಾರಿಸಿ ಜಪಾನಿನ ವಿಮಾನವಾಹಕ ಹಡಗುಗಳ ಮೇಲೆ ಬಿದ್ದರು. ಸಹಾಯಕ ಅಂಪೈರ್ ಒಕುಮಿಯಾ ದಾಳ ಹಾಕಿದ. ಒಂಬತ್ತು ಬಾಂಬ್ ಬಿದ್ದವು. ಅಕಾಗಿ, ಕಾಗಾ, ಎರಡೂ ಹಡಗು ಮುಳುಗಿದ ಲೆಕ್ಕ. ಉಗಾಕಿ ತಡೆದ. ಒಂಬತ್ತಲ್ಲ, ಮೂರು ಅಂದ. ಅಕಾಗಿಗೆ ಸಣ್ಣ ಗಾಯ, ಕಾಗಾ ಮಾತ್ರ ಮುಳುಗ್ತು. ಮಿಡ್‌ವೇ ಮುಗಿದು ಮುಂದಿನ ದಾಳಿಗಳ ಆಟ ಶುರುವಾದಾಗ ಮುಳುಗಿದ ಕಾಗಾ ಕೂಡ ಎದ್ದು ಬಂದು ಸಾಲಲ್ಲಿ ನಿಂತಿತ್ತು!

ಅನ್‌ಡೂ, ಅನ್‌ಡೂ.

ನಿಜವಾದ ಮಿಡ್‌ವೇ ಯುದ್ಧ ಜೂನ್ 4ರಂದು. ಅಕಾಗಿ, ಕಾಗಾ, ಸೊರ್ಯು, ಹಿರ್ಯು, ನಾಲ್ಕೂ ಹೊತ್ತಿ ಉರಿದು ಹೋದ್ವು. 3,000ಕ್ಕೂ ಹೆಚ್ಚು ಜಪಾನೀಯರು ಸತ್ತರು.

ಈಗ ಸ್ವಲ್ಪ ನಿಲ್ಲಿ. ಈ ಕತೆ ಎಷ್ಟು ಚಂದ ಕೂತ್ಕೊಳ್ಳುತ್ತೆ ಅಂದ್ರೆ ಅದಕ್ಕೇ ಅನುಮಾನ ಪಡಬೇಕು. ಇದು ಬಂದಿರೋದು ಯುದ್ಧ ಮುಗಿದ ಮೇಲೆ ಫುಚಿದಾ ಮತ್ತು ಅದೇ ಒಕುಮಿಯಾ ಬರೆದ ಪುಸ್ತಕದಿಂದ. ಫುಚಿದಾ ಬರೆದ ಎಷ್ಟೋ ವಿಷಯವನ್ನ ಆಮೇಲಿನ ಇತಿಹಾಸಕಾರರು ಪ್ರಶ್ನೆ ಮಾಡಿದ್ದಾರೆ. ಇನ್ನೊಂದು, ನಿಜವಾದ ಯುದ್ಧದಲ್ಲಿ ಮಿಡ್‌ವೇ ದ್ವೀಪದಿಂದ ಹಾರಿದ ವಿಮಾನಗಳ ಒಂದು ಬಾಂಬೂ ಆ ಹಡಗುಗಳಿಗೆ ಬೀಳಲಿಲ್ಲ. ಹೊಡೆದದ್ದು ಅಮೆರಿಕದ ವಿಮಾನವಾಹಕ ಹಡಗುಗಳಿಂದ ಬಂದ ವಿಮಾನಗಳು. ಹಾಗಾಗಿ ದ್ವೀಪದ ವಿಮಾನಗಳಿಗೆ ಒಂಬತ್ತು ಜಾಸ್ತಿಯಾಯ್ತು ಅಂದ ಉಗಾಕಿ ಲೆಕ್ಕ ತಪ್ಪೇನಲ್ಲ!

ನನಗನ್ನಿಸೋದು, ಒಂಬತ್ತನ್ನ ಮೂರು ಮಾಡಿದ್ದಕ್ಕಿಂತ ದೊಡ್ಡ ತಪ್ಪು ಅದೇ ಪುಸ್ತಕದಲ್ಲಿ ಬೇರೆ ಕಡೆ ಇದೆ. ಅಮೆರಿಕದ ವಿಮಾನವಾಹಕ ಹಡಗುಗಳು ಪಕ್ಕದಿಂದ ಬಂದುಬಿಟ್ರೆ ಏನು ಮಾಡ್ತೀರಿ ಅನ್ನೋ ಪ್ರಶ್ನೆ ಆಟದ ವೇಳೆ ಎದ್ದಿತ್ತಂತೆ. ಸರಿಯಾದ ಉತ್ತರ ಯಾರೂ ಕೊಡಲಿಲ್ಲ, ಆಟ ಮುಂದೆ ಹೋಯ್ತು. ಮಂಜು ಸರಿದು ಓರ್ಕ್‌ಗಳು ಕಂಡಿದ್ವು. ನೋಡಿದವರು ನೋಡಿಲ್ಲ ಅಂದ್ರು.

ಕಂತು 9, ಕೊನೇದು

ಯುದ್ಧಕೋಣೆಯಿಂದ ನಮ್ಮ ಲ್ಯಾಪ್‌ಟಾಪಿಗೆ ಬಂದದ್ದನ್ನ ಬೇಗ ಹೇಳ್ತೀನಿ.

ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ (ಲಿವರ್‌ಪೂಲ್ ರಾಬರ್ಟ್ಸ್‌ಗೂ ಇವರಿಗೂ ಸಂಬಂಧ ಇಲ್ಲ) 1954ರಲ್ಲಿ 'ಟ್ಯಾಕ್ಟಿಕ್ಸ್' ಅಂತ ಯುದ್ಧದಾಟವನ್ನ ಡಬ್ಬಿಯಲ್ಲಿ ಹಾಕಿ ಮಾರಿದ್ರು. ಮನೆಯಲ್ಲಿ ಅಂಪೈರ್ ಎಲ್ಲಿಂದ ತರ್ತೀರಿ? ಹಾಗಾಗಿ ಹೊಡೆತದ ಫಲಿತಾಂಶವನ್ನೆಲ್ಲ ಒಂದು ಕೋಷ್ಟಕ ಮಾಡಿ ಕೊಟ್ಟರು. 1961ರ ಹೊತ್ತಿಗೆ ಅವರ ಕಂಪನಿ ಅವಲಾನ್ ಹಿಲ್ ಆಟಗಳಲ್ಲಿ ಆರು ಮೂಲೆಯ ಮನೆಗಳು ಬಂದ್ವು, ಜೇನುಗೂಡಿನ ಹಾಗೆ. ಕಾರಣ ನಿಮಗೇ ಗೊತ್ತು, ಪೈಥಾಗೊರಸ್. ಚೌಕದ ಮನೆಯಲ್ಲಿ ಮೂಲೆಯಿಂದ ಮೂಲೆಗೆ ಹೋದೋನು ಒಂದು ಹೆಜ್ಜೆಯಲ್ಲಿ 1.41 ಮನೆ ದೂರ ಹೋಗಿರ್ತಾನೆ, ಮೋಸ. ಆರು ಮೂಲೆಯಲ್ಲಿ ಅಕ್ಕಪಕ್ಕದ ಆರೂ ಮನೆ ಒಂದೇ ದೂರ. ಆದ್ರೆ ಅಂಪೈರ್ ಜೊತೆಗೇ ಮಂಜೂ ಹೋಯ್ತು. ಮೇಜಿನ ಮೇಲೆ ಇಟ್ಟ ರಟ್ಟಿನ ತುಂಡನ್ನ ಯಾರಿಂದ ಬಚ್ಚಿಡ್ತೀರಿ?

ಕಂಪ್ಯೂಟರ್ ಬಂದಾಗ ಅಂಪೈರ್ ವಾಪಸ್ ಬಂದ. 1977ರಲ್ಲಿ ವಾಲ್ಟರ್ ಬ್ರೈಟ್ ಅನ್ನೋ ವಿದ್ಯಾರ್ಥಿ ಕಾಲೇಜಿನ ಕಂಪ್ಯೂಟರಲ್ಲಿ 'ಎಂಪೈರ್' ಅನ್ನೋ ಆಟ ಬರೆದ. ಮ್ಯಾಪ್ ಮೊದಲು ಖಾಲಿ, ನಡೆದಷ್ಟೂ ಕಾಣುತ್ತೆ. ಎಲ್ಲಾ ಗೊತ್ತಿದ್ದೂ ಬಾಯಿ ಬಿಡದೇ ಇರೋ ಮೂರನೆಯವನು ಈಗ ಪ್ರೋಗ್ರಾಂ. 1991ರ ಸಿಡ್ ಮೈಯರ್ ಅವರ 'ಸಿವಿಲೈಸೇಶನ್' ಆ ದಾರಿಯಲ್ಲೇ ಬಂತು, ಆಮೇಲೆ ವೆಸ್ನಾತ್. ಒಂದು ವ್ಯತ್ಯಾಸ ಇದೆ: ಈ ಅಂಪೈರ್‌ಗೆ ಯಾವ ಅಡ್ಮಿರಲ್ಲೂ ಗೊತ್ತಿಲ್ಲ. ಒಂಬತ್ತನ್ನ ಮೂರು ಮಾಡು ಅಂದ್ರೆ ಗುಂಡಿ ಮಂಕು ಮಾಡ್ಕೊಂಡು ಕೂರುತ್ತೆ.

ಹೋದ ಭಾನುವಾರ ಅದೇ ಎದುರಾಳಿ ಜೊತೆ ಮತ್ತೆ ಆಡ್ದೆ. ಈ ಸಲ ಒಂದು ಕ್ರಮ ಇಟ್ಕೊಂಡೆ. ಮೊದಲು ಹಿಂದಿನ ಸಾಲಿನವರನ್ನ ನಡೆಸಿ ನೋಡೋದು, ಬೇಡ ಅನ್ನಿಸಿದ್ರೆ ಅನ್‌ಡೂ, ಹೇಗಿದ್ರೂ ಅಲ್ಲಿ ಮಂಜಿಲ್ಲ. ಕಾಡಿನ ಅಂಚಿಗೆ ಹೋಗೋದು ಮಿಕ್ಕವರೆಲ್ಲ ಆಸರೆಗೆ ನಿಂತ ಮೇಲೆ. ಆ ಒಂದು ನಡೆಗೆ ಮುಂಚೆ ಮೌಸ್‌ನಿಂದ ಕೈ ತೆಗೆದು, ಅಲ್ಲಿ ಅತಿ ಕೆಟ್ಟದ್ದು ಏನಿರಬಹುದು ಅಂತ ನೋಟ್‌ಬುಕ್ಕಲ್ಲಿ ಒಂದು ಸಾಲು ಬರೆದೆ. ಅಂಪೈರ್‌ಗೆ ಚೀಟಿ ಬರೆಯೋ ಹಾಗೆ.

ಹದಿನಾಲ್ಕನೇ ಸರದಿ ತನಕ ಉಳಿದೆ. ಸೋತೆ. ಮುಗಿದ ಮೇಲೆ ಚಾಟಲ್ಲಿ ಆ ಕಡೆಯಿಂದ ಬಂತು: ಒಂಬತ್ತನೇ ಸರದಿಯಲ್ಲಿ ಅಷ್ಟು ಹೊತ್ತು ಏನು ಮಾಡ್ತಿದ್ದೆ?

ಕೊನೇ ಫೋಟೊ ಆ ನೋಟ್‌ಬುಕ್ ಪುಟ. ಅಕ್ಷರ ಓದೋಕಾದ್ರೆ ಓದಿ. ವೆಸ್ನಾತ್ ಹಾಕ್ಕೊಂಡಿರೋ ಕ್ಲಾಸ್‌ಮೇಟ್ಸ್ ಕಾಮೆಂಟಲ್ಲಿ ಕೈ ಎತ್ತಿ, ಶನಿವಾರ ರಾತ್ರಿ ನಾಲ್ಕು ಜನ ಸೇರಿದ್ರೆ ಒಂದು ಮ್ಯಾಪ್ ಆಡೋಣ. ಮಂಜು ಆನ್ ಇರುತ್ತೆ, ಈಗಲೇ ಹೇಳಿದ್ದೀನಿ.

#ಇತಿಹಾಸ #ಯುದ್ಧದಾಟ #ವೆಸ್ನಾತ್ #ಕನ್ನಡದಲ್ಲಿಓದಿ